ಸಹಾಯ ಬೇಕು: ಇರಾನಿನ ಷಾ ಬಿದ್ದರು, ಜೋರ್ಡಾನಿನ ಹುಸೇನ್ ಉಳಿದರು, ಯಾಕೆ?

ಎಂ.ಎ. ಇತಿಹಾಸದ ಸೆಮಿನಾರ್‌ಗೆ ಇರಾನಿನ ದೊರೆ ಮೊಹಮ್ಮದ್ ರೆಜಾ ಷಾ ಮತ್ತು ಜೋರ್ಡಾನಿನ ದೊರೆ ಹುಸೇನ್ ಅವರನ್ನು ಹೋಲಿಸಿ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಓದಿಕೊಂಡವರು ದಾರಿ ತೋರಿಸಿ.

ಇಬ್ಬರಿಗೂ ಚಿಕ್ಕ ವಯಸ್ಸಿಗೇ ಪಟ್ಟ. ಷಾಗೆ 1941ರಲ್ಲಿ, ಹುಸೇನ್‌ಗೆ 1952ರಲ್ಲಿ. ಇಬ್ಬರ ಬೆನ್ನಿಗೂ ಅಮೆರಿಕ ಇತ್ತು. ಷಾ ಹತ್ತಿರ ಎಣ್ಣೆ ದುಡ್ಡು, ದೊಡ್ಡ ಸೈನ್ಯ ಎಲ್ಲಾ ಇತ್ತು. ಭೂಸುಧಾರಣೆ ಮಾಡಿದರು, 1963ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟರು. ಆದರೂ 1979ರಲ್ಲಿ ಕ್ರಾಂತಿಯಾಗಿ ದೇಶ ಬಿಡಬೇಕಾಯಿತು. ಹುಸೇನ್‌ಗೆ ಎಣ್ಣೆಯೂ ಇಲ್ಲ. 1967ರಲ್ಲಿ ಇಸ್ರೇಲ್ ಜೊತೆಗಿನ ಯುದ್ಧದಲ್ಲಿ ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಪ್ರದೇಶ ಕೈತಪ್ಪಿತು. 1970ರಲ್ಲಿ ಪ್ಯಾಲೆಸ್ತೀನಿ ಹೋರಾಟಗಾರರ ಜೊತೆ ದೇಶದೊಳಗೇ ಕಾಳಗ. ಅಷ್ಟಾದರೂ 1999ರಲ್ಲಿ ಸಾಯುವವರೆಗೂ ಅವರೇ ದೊರೆ!

ಮೊದಲು "ಹುಸೇನ್ ಸ್ವಾತಂತ್ರ್ಯ ಕೊಟ್ಟರು, ಷಾ ಕೊಡಲಿಲ್ಲ" ಅಂತ ವಾದ ಕಟ್ಟಲು ನೋಡಿದೆ. ನಿಲ್ಲುವುದಿಲ್ಲ. 1957ರಲ್ಲಿ ಪಕ್ಷಗಳನ್ನು ನಿಷೇಧಿಸಿದ್ದು ಇದೇ ಹುಸೇನ್ ಅಲ್ವಾ? ಅಮೆರಿಕದ ಬೆಂಬಲವೂ ಕಾರಣವಾಗಲಾರದು, ಅದು ಇಬ್ಬರಿಗೂ ಇತ್ತಲ್ಲ.

ನನಗೆ ವ್ಯತ್ಯಾಸ ಕಾಣುವುದು ಬಿಕ್ಕಟ್ಟಿನ ಹೊತ್ತಿನಲ್ಲಿ. ಷಾ 1975ರಲ್ಲಿ ಇಡೀ ದೇಶಕ್ಕೆ ಒಂದೇ ಪಕ್ಷ ಅಂದರು. ಹುಸೇನ್ 1989ರಲ್ಲಿ ಬೆಲೆ ಏರಿಕೆಯ ಗಲಭೆ ಎದ್ದಾಗ ಪ್ರಧಾನಿಯನ್ನು ಬದಲಿಸಿ, ಅದೇ ವರ್ಷ ಚುನಾವಣೆ ನಡೆಸಿದರು. ತಮ್ಮ ವಿರುದ್ಧ ಸಂಚು ಮಾಡಿದ ಕೆಲವರಿಗೆ ಮುಂದೆ ಹುದ್ದೆಯನ್ನೂ ಕೊಟ್ಟಿದ್ದರು. (ಷಾ ಹಾಗೆ ಮಾಡುವುದನ್ನು ಊಹಿಸಲೂ ಕಷ್ಟ.)

ಆದರೆ ಗೆಳೆಯನೊಬ್ಬ ಒಪ್ಪುತ್ತಿಲ್ಲ. ಹುಸೇನ್ ಪ್ರವಾದಿಯ ವಂಶದವರು, ಷಾ ಧರ್ಮಗುರುಗಳನ್ನು ಎದುರು ಹಾಕಿಕೊಂಡವರು, ಅಷ್ಟೇ ಕಾರಣ ಅನ್ನುತ್ತಾನೆ.

ನನ್ನ ಪ್ರಶ್ನೆ ಇದು: ಹೋಲಿಕೆಯ ಮುಖ್ಯ ಎಳೆಯಾಗಿ ಯಾವುದನ್ನು ಇಟ್ಟುಕೊಳ್ಳಲಿ, ವಿರೋಧಿಗಳನ್ನು ನಡೆಸಿಕೊಂಡ ರೀತಿಯನ್ನೋ, ಧರ್ಮದ ಬೆಂಬಲವನ್ನೋ? ಯಾಕೆ ಅಂತಲೂ ಹೇಳಿ.