ಕ್ಯಾಶ್ ಕೌಂಟರಿನಲ್ಲಿ ಕೂತು ಕೆಲಸ, ಮೂತ್ರ ತಡೆಯಲು ಆಗುತ್ತಿಲ್ಲ. ಏನು ಮಾಡಲಿ?

ಕೌಂಟರ್ ನಂಬರ್ ಎರಡು

ಎಲ್ಲರಿಗೂ ನಮಸ್ಕಾರ. ಮನೆಯಲ್ಲೂ ಬಾಯಿಬಿಡದ ವಿಷಯ ಇದು, ಹೆಸರು ಹೇಳದೆ ಕೇಳುತ್ತಿದ್ದೇನೆ. ನನಗೆ 43. ಹಾಸನ ಜಿಲ್ಲೆಯ ಒಂದು ಪೇಟೆಯಲ್ಲಿ ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರ್ ನನ್ನದು. ಎರಡನೇ ಹೆರಿಗೆ ಆದಮೇಲೆ ಕೆಮ್ಮಿದರೆ, ಸೀನಿದರೆ ಒಂದೆರಡು ಹನಿ ಹೋಗುತ್ತಿತ್ತು. "ಎಲ್ಲರಿಗೂ ಆಗುವುದೇ" ಅಂದರು ಅತ್ತೆ. ಸುಮ್ನಾದೆ. ಈಗೀಗ ಬೇರೆ ಥರ. ಹೋಗಬೇಕು ಅನ್ನಿಸಿದ ಮೇಲೆ ತಡೆಯಲು ಆಗುವುದೇ ಇಲ್ಲ.

ಎದುರಿಗೆ ಡೇರಿ ದುಡ್ಡು ಬಿಡಿಸಲು ಬಂದವರ ಸಾಲು, ಕೈಯಲ್ಲಿ ನೋಟಿನ ಕಟ್ಟು. ಎಣಿಕೆ ಮುಗಿಯಬೇಕು, ಡ್ರಾಯರಿಗೆ ಬೀಗ ಹಾಕಬೇಕು, ಆಮೇಲೆ ಏಳಬೇಕು. ಅಷ್ಟರಲ್ಲಿ ಆಗಿಹೋಗಿರುತ್ತದೆ.

ಕುರ್ಚಿಗೆ ಬಟ್ಟೆಯ ಕುಶನ್. ಮುಟ್ಟಿನ ಪ್ಯಾಡ್ ಇಟ್ಟುಕೊಳ್ಳುತ್ತೇನೆ, ಊಟದ ಹೊತ್ತಿಗೆ ಅದು ಒದ್ದೆ, ತೊಡೆ ಸಂದಿಯಲ್ಲಿ ಉರಿ. ಬೆಳಗಿನ ಕಾಫಿ ಬಿಟ್ಟರೆ ಸಂಜೆವರೆಗೆ ನೀರು ಮುಟ್ಟುವುದಿಲ್ಲ. ಆದರೂ ಅರ್ಜೆಂಟ್ ಕಮ್ಮಿ ಆಗಿಲ್ಲ. ಟಾಯ್ಲೆಟ್ ಒಂದೇ, ಹಳೇ ಲೆಡ್ಜರ್ ಕೋಣೆಯ ಹಿಂದೆ. ಅಲ್ಲಿ ಕಸದ ಬುಟ್ಟಿ ಇಲ್ಲ. ವಾಸನೆ ಬರುತ್ತಿದೆಯೇನೋ ಅಂತ ಪಕ್ಕದ ಕೌಂಟರಿನವಳ ಮುಖವನ್ನೇ ನೋಡುತ್ತಿರುತ್ತೇನೆ. ಡಾಕ್ಟರ ಹತ್ತಿರ ಹೋಗುವವಳೇ, ಆದರೆ ಆಡಿಟ್ ಮುಗಿಯುವ ತನಕ ರಜೆ ಕೊಡುವುದಿಲ್ಲ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕೂರುವುದು ಹೇಗೆ? ಕೂತು ಕೆಲಸ ಮಾಡುವವರು, ಇದೇ ಕಷ್ಟ ಇರುವವರು ಹೇಳಿ.

ರಿಟೈರ್‌ಮೆಂಟಿಗೆ ಹತ್ತಿರ

ತಂಗೀ, ನನಗೆ ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಹೀಗೇ ಸೋರುತ್ತಿತ್ತು. ಆಫೀಸಿನಲ್ಲಿ ಫೈಲನ್ನು ಮುಂದೆ ಹಿಡಿದುಕೊಂಡೇ ಓಡಾಡಿದೆ. ತಿಂಗಳುಗಟ್ಟಲೆ ಹಿಡಿಯಿತು, ಆದರೆ ಬಹಳ ಮಟ್ಟಿಗೆ ನಿಂತಿತು. ನಿಮ್ಮದು ಬೇರೆ ಕಾರಣ ಇರಬಹುದು. ರಜೆ ಇಲ್ಲದಿದ್ದರೂ ಒಂದು ಕೆಲಸ ಆಗುತ್ತದೆ: ಬೆಳಗ್ಗೆ ಲ್ಯಾಬಿಗೆ ಹೋಗಿ ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ ಎರಡೂ ಮಾಡಿಸಿ. ಇನ್‌ಫೆಕ್ಷನ್ ಇದ್ದರೂ ಅರ್ಜೆಂಟ್ ಆಗುತ್ತದೆ, ಶುಗರ್ ಏರಿದರೂ ಆಗುತ್ತದೆ. ಬಿಪಿ ಮಾತ್ರೆ ನುಂಗುತ್ತಿದ್ದರೆ ಅದರಲ್ಲಿ ಮೂತ್ರ ಜಾಸ್ತಿ ಮಾಡುವ ಔಷಧಿ ಇದೆಯಾ ಅಂತ ಕೇಳಿ. ನೀವಾಗೇ ನಿಲ್ಲಿಸಬೇಡಿ ಮತ್ತೆ.

ತೋಟದಿಂದ ಟೇಬಲ್ಲಿಗೆ

ಅಕ್ಕಾ, ನಾನು ಪುತ್ತೂರು ಕಡೆಯವನು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದ್ದೆ, ಜಾರಿ ಬಿದ್ದೆ, ಬೆನ್ನುಹುರಿಗೆ ಪೆಟ್ಟಾಯಿತು. ಕಾಲಿನ ಶಕ್ತಿ ಮುಕ್ಕಾಲು ಪಾಲು ವಾಪಸ್ ಬಂತು, ಕೋಲು ಹಿಡಿದು ನಡೆಯುತ್ತೇನೆ. ಬ್ಲಾಡರ್, ಅಂದರೆ ಮೂತ್ರಚೀಲದ ಹಿಡಿತ ಬರಲಿಲ್ಲ. ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿ ನಾನೇ ಖಾಲಿ ಮಾಡಿಕೊಳ್ಳುತ್ತೇನೆ, ನಡುವೆ ಅಷ್ಟಿಷ್ಟು ಸೋರುತ್ತದೆ. ಈಗ ತೆರಿಗೆ ಲೆಕ್ಕದವರ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ, ಇಡೀ ದಿನ ಕುರ್ಚಿ. ಹಾಗಾಗಿ ಕುರ್ಚಿಯ ವಿಷಯ ನನ್ನನ್ನು ಕೇಳಿ.

ಮೊದಲು ಆ ಮುಟ್ಟಿನ ಪ್ಯಾಡ್ ಬಿಡಿ. ರಕ್ತ ನಿಧಾನಕ್ಕೆ ಬರುತ್ತದೆ, ಪ್ಯಾಡ್ ಅದಕ್ಕೆ ತಕ್ಕ ಹಾಗೆ ಮಾಡಿದ್ದು. ಮೂತ್ರ ಒಮ್ಮೆಲೇ ನುಗ್ಗುತ್ತದೆ, ಅದು ಹೀರುವ ಮುಂಚೆ ಬದಿಯಿಂದ ಹರಿದುಬಿಡುತ್ತದೆ. ಮೂತ್ರಕ್ಕೆಂದೇ ಮಾಡಿದ ಪ್ಯಾಡ್ ಬೇರೆ ಸಿಗುತ್ತದೆ. ಅದರೊಳಗಿನ ಪುಡಿ ನೀರು ಕುಡಿದು ಜೆಲ್ ಆಗುತ್ತದೆ, ಮೇಲ್ಭಾಗ ಒಣಗಿರುತ್ತದೆ. ನಿಮ್ಮ ಹಾಗೆ ಒಂದೇ ಸಲ ಪೂರ್ತಿ ಹೋಗುವವರಿಗೆ ಪ್ಯಾಡಿಗಿಂತ ಪುಲ್‌ಅಪ್, ಅಂದರೆ ಚಡ್ಡಿಯ ಹಾಗೆ ಏರಿಸುವ ಡೈಪರ್ ಒಳ್ಳೆಯದು. ಪಕ್ಕಕ್ಕೆ ಟೇಪ್ ಅಂಟಿಸುವಂಥದ್ದು ಮಲಗಿರುವವರಿಗೆ ಸರಿ, ಕೌಂಟರಿಗೆ ಬೇಡ. ಅದು ಉಬ್ಬುತ್ತದೆ, ಸರಸರ ಸದ್ದು ಬೇರೆ.

ಸೊಂಟದ ಅಳತೆ ಟೇಪಿನಲ್ಲಿ ತೆಗೆದೇ ಸೈಜ್ ಕೊಳ್ಳಿ. ದೊಡ್ಡದಿದ್ದರೆ ಜಾಸ್ತಿ ಹೀರುತ್ತದೆ ಅನ್ನುವುದು ಸುಳ್ಳು, ತೊಡೆಯ ಹತ್ತಿರ ಸಡಿಲವಾಗಿ ಅಲ್ಲಿಂದಲೇ ಸೋರುತ್ತದೆ. ಹಾಕಿಕೊಂಡ ಮೇಲೆ ತೊಡೆಯ ಸುತ್ತಲಿನ ಎಲಾಸ್ಟಿಕ್ ನೆರಿಗೆಗೆ ಬೆರಳಾಡಿಸಿ, ಒಳಗೆ ಮಡಚಿದ್ದರೆ ಹೊರಗೆ ತೆಗೆಯಿರಿ. ನನಗೆ ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ವಾರ್ಡಿನ ಆಯಾ ಹೇಳಿಕೊಟ್ಟರು. ಪ್ಯಾಂಟು ಒದ್ದೆಯಾಗುವುದು ಅರ್ಧಕ್ಕರ್ಧ ಕಮ್ಮಿ ಆಯಿತು. ಮೇಲೆ ಬಿಗಿ ಲೆಗ್ಗಿನ್ಸ್ ಬೇಡ. ಜೆಲ್ ಉಬ್ಬಲು ಜಾಗ ಬೇಕು, ಬಿಗಿಯಾಗಿದ್ದರೆ ಕೂತಾಗ ಹಿಂಡಿದ ಹಾಗೆ ಆಗುತ್ತದೆ. ಸೀರೆ, ಇಲ್ಲ ಸಡಿಲ ಪ್ಯಾಂಟಿನ ಚೂಡಿದಾರ, ಗಾಢ ಬಣ್ಣ.

ಖರ್ಚು ಇದೆ, ಸುಳ್ಳು ಹೇಳುವುದಿಲ್ಲ. 2018ರಲ್ಲಿ ಮುಟ್ಟಿನ ಪ್ಯಾಡಿನ ಮೇಲಿನ ಜಿಎಸ್‌ಟಿ ಪೂರ್ತಿ ತೆಗೆದರು. ದೊಡ್ಡವರ ಡೈಪರಿಗೆ ತೆಗೆಯಲಿಲ್ಲ. ಮೆಡಿಕಲ್ ಶಾಪಿನವರ ರಿಟರ್ನ್ ತುಂಬುವಾಗ ಇದು ಕಣ್ಣಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಇರಲಿ. ಮನೆಯಲ್ಲಿ ಬಟ್ಟೆಯದು, ಆಫೀಸಿಗೆ ಮಾತ್ರ ಪುಲ್‌ಅಪ್ ಅಂತ ಮಾಡಿಕೊಂಡರೆ ತಿಂಗಳಿಗೆ ನಿಭಾಯಿಸಬಹುದು.

ಕುರ್ಚಿಗೆ: ಮಕ್ಕಳ ಕೆಳಗೆ ಹಾಸುವ ಡ್ರೈ ಶೀಟ್ ತನ್ನಿ, ಕುಶನ್ ಅಳತೆಗೆ ಕತ್ತರಿಸಿ. ಅದರ ಮೇಲೆ ಕಪ್ಪು ಹತ್ತಿ ಬಟ್ಟೆಯ ಕವರ್ ಹೊಲಿಸಿ. ಎರಡು ಕವರ್ ಇರಲಿ, ಒಗೆಯಲು ಬೇಕಲ್ಲ. ಬರೀ ಪ್ಲಾಸ್ಟಿಕ್ ಮೇಲೆ ಕೂರಬೇಡಿ, ಬೆವರಿಗೇ ಚರ್ಮ ಕೆಡುತ್ತದೆ. ಕೇಳಿದರೆ ಬೆನ್ನು ನೋವು, ಅದಕ್ಕೆ ಕುಶನ್ ಅನ್ನಿ. ಬೆನ್ನು ನೋವಿಗೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಉರಿಗೆ ಪೌಡರ್ ಹಾಕಬೇಡಿ, ಒದ್ದೆಗೆ ಗಂಟುಕಟ್ಟಿ ಉಜ್ಜುತ್ತದೆ. ಬದಲಾಯಿಸುವಾಗ ಬರೀ ನೀರಿನಲ್ಲಿ ತೊಳೆದು, ಮೆತ್ತಗೆ ಒತ್ತಿ ಒರೆಸಿ, ವ್ಯಾಸಲೀನ್ ತೆಳ್ಳಗೆ. ದಪ್ಪ ಬಳಿದರೆ ಡೈಪರಿಗೆ ಮೆತ್ತಿಕೊಂಡು ಅದು ಹೀರುವುದನ್ನೇ ನಿಲ್ಲಿಸುತ್ತದೆ. ವಾಸನೆಗೆ ಸೆಂಟ್ ಉಪಾಯವಲ್ಲ. ಆಗಷ್ಟೇ ಹೋದ ಮೂತ್ರಕ್ಕೆ ಅಂಥ ವಾಸನೆ ಇರುವುದಿಲ್ಲ. ಗಂಟೆಗಟ್ಟಲೆ ಇದ್ದರೆ ಅದರೊಳಗಿನ ಯೂರಿಯಾ ಒಡೆದು ಅಮೋನಿಯ ಆಗುತ್ತದೆ, ಮೂಗಿಗೆ ಬಡಿಯುವುದು ಅದು. ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಪಕ್ಕದವಳಿಗೆ ಗೊತ್ತಾಗುವುದಿಲ್ಲ.

ಬಳಸಿದ್ದನ್ನು ಟಾಯ್ಲೆಟ್ಟಿಗೆ ಹಾಕಬೇಡಿ, ಕಟ್ಟಿಕೊಳ್ಳುತ್ತದೆ. ಪೇಪರಿನಲ್ಲಿ ಸುತ್ತಿ, ಜಿಪ್ ಇರುವ ಕವರಿಗೆ ಹಾಕಿ ಬ್ಯಾಗಿನಲ್ಲಿಟ್ಟು ಮನೆಗೆ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಗೊತ್ತಾಗಲಿ ಅಂತ ಪೇಪರಿನ ಮೇಲೆ ಕೆಂಪು ಗುರುತು ಹಾಕಿಸುತ್ತಾರೆ. ನೀವೂ ಹಾಕಿ, ಅವರೂ ಮನುಷ್ಯರೇ ಅಲ್ವಾ. ಬ್ಯಾಂಕಿನಲ್ಲಿ ಮುಚ್ಚಳದ ಬುಟ್ಟಿ ಒಂದನ್ನು "ಹೆಂಗಸರಿಗೆ ಬೇಕು" ಅಂತ ಎಲ್ಲರೂ ಸೇರಿ ಕೇಳಿ.

ಕೊನೆಗೆ, ಎಲ್ಲರಿಗೂ ಹೇಳಬೇಡಿ. ಧೈರ್ಯ ಮಾಡಿ ಎಲ್ಲರ ಮುಂದೆ ಹೇಳಿಕೊಳ್ಳಿ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅವರು ಆ ಕುರ್ಚಿಯಲ್ಲಿ ಕೂರುವವರಲ್ಲ. ನಿಮ್ಮನ್ನು ಕುರ್ಚಿಯಿಂದ ಬಿಡುವ ಅಧಿಕಾರ ಇರುವ ಒಬ್ಬರಿಗೆ ಹೇಳಿ ಸಾಕು. "ಡಾಕ್ಟರ್ ಹೇಳಿದ್ದಾರೆ, ಎರಡು ಗಂಟೆಗೊಮ್ಮೆ ಐದು ನಿಮಿಷ ಬೇಕು" ಅಂದರೆ ಆಯಿತು. ಕಾರಣ ಬಿಡಿಸಿ ಹೇಳಬೇಕಿಲ್ಲ.

ಫಿಸಿಯೋ, ಧಾರವಾಡ

ಅಕ್ಕಾವ್ರೇ, ಪುತ್ತೂರಿನವರು ಕುರ್ಚಿಯ ಬಗ್ಗೆ ಹೇಳಿದ್ದೆಲ್ಲ ಸರಿ. ಎರಡು ಗಂಟೆಯ ಮಾತಿಗೆ ಮಾತ್ರ ಸ್ವಲ್ಪ ತಕರಾರು. ಅವರದು ನರದ ತೊಂದರೆ, ಗಡಿಯಾರ ನೋಡಿ ಖಾಲಿ ಮಾಡಲೇಬೇಕು. ನಿಮ್ಮದು ಕೆಮ್ಮಿದಾಗಲೂ ಹೋಗುತ್ತದೆ, ಅರ್ಜೆಂಟ್ ಆಗಿಯೂ ಹೋಗುತ್ತದೆ, ಎರಡೂ ಸೇರಿದ ಹಾಗೆ ಕಾಣುತ್ತದೆ. ಈಗ ಎಷ್ಟು ಹೊತ್ತಿಗೊಮ್ಮೆ ತಡೆಯದೆ ಆಗುತ್ತದೆ ಅಂತ ಮೂರು ದಿನ ಬರೆದಿಡಿ, ಏನು ಕುಡಿದಿರಿ ಅನ್ನುವುದೂ ಸೇರಿ. ಅದಕ್ಕೆ ಸ್ವಲ್ಪ ಮುಂಚೆ ಎದ್ದು ಹೋಗಿ. ಅದು ಒಗ್ಗಿದ ಮೇಲೆ 15 ನಿಮಿಷ ಮುಂದೆ ಹಾಕಿ, ಹಾಗೇ ಬೆಳೆಸುತ್ತಾ ಹೋಗಿ. ಬ್ಲಾಡರಿಗೆ ಹೀಗೆ ಅಭ್ಯಾಸ ಮಾಡಿಸಲು ಕನಿಷ್ಠ ಆರು ವಾರ ಬೇಕು. ನಿಮ್ಮ ಮೂರು ದಿನದ ಆ ಚೀಟಿಯನ್ನು ಡಾಕ್ಟರ ಹತ್ತಿರವೂ ಒಯ್ಯಿರಿ, ಅವರ ಅರ್ಧ ಕೆಲಸ ಅದರಲ್ಲೇ ಇದೆ.

ನೀರು ಬಿಡಬೇಡಿ! ಮೂತ್ರ ಗಟ್ಟಿಯಾದಷ್ಟೂ ಬ್ಲಾಡರಿಗೆ ಕಿರಿಕಿರಿ ಜಾಸ್ತಿ, ಮಲಬದ್ಧತೆ ಬೇರೆ, ಅದೂ ಒತ್ತುತ್ತದೆ. ದಿನಕ್ಕೆ ಒಂದೂವರೆ ಲೀಟರಿಗೆ ಕಮ್ಮಿ ಬೇಡ, ಗುಟುಕು ಗುಟುಕಾಗಿ. ಬಿಡುವುದಾದರೆ ಕಾಫಿ ಬಿಡಿ. ಹಾಸನದವರಿಗೆ ಕಾಫಿ ಬಿಡಿ ಅನ್ನುವುದು ಕಷ್ಟ, ಗೊತ್ತು. ಬೆಳಗ್ಗೆ ಅರ್ಧ ಲೋಟಕ್ಕೆ ಇಳಿಸಿ ನೋಡಿ.

ಇನ್ನು ವ್ಯಾಯಾಮ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು, ಅದಕ್ಕೇ ಕೀಗಲ್ ಅನ್ನುತ್ತಾರೆ. ನಾಲ್ಕು ಜನರ ನಡುವೆ ಹೂಸು ತಡೆಯುತ್ತೇವಲ್ಲ, ಆಗ ಬಿಗಿಯಾಗುವ ಸ್ನಾಯು ಅದು. ಮೇಲಕ್ಕೆಳೆದು ಬಿಗಿ ಹಿಡಿದು, ಪೂರ್ತಿ ಬಿಡಬೇಕು. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, 3 ತಿಂಗಳು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಕೆಮ್ಮು ಬರುತ್ತಿದೆ ಅನ್ನಿಸಿದರೆ ಕೆಮ್ಮುವ ಮುಂಚೆಯೇ ಬಿಗಿ ಹಿಡಿಯಿರಿ.

ಅರ್ಜೆಂಟ್ ಬಂದಾಗ ಓಡಬೇಡಿ. ಕೂತಲ್ಲೇ ಇದ್ದು, ಪಟಪಟ ಅಂತ ಐದಾರು ಸಲ ಬಿಗಿ ಮಾಡಿ ಬಿಡಿ. ಆ ಒತ್ತಡ ಅಲೆಯ ಹಾಗೆ ಇಳಿಯುತ್ತದೆ. ಇಳಿದ ಮೇಲೆ ನೋಟು ಎಣಿಸಿ, ಬೀಗ ಹಾಕಿ, ನಡೆದುಕೊಂಡು ಹೋಗಿ.

ಮೂತ್ರದಲ್ಲಿ ರಕ್ತ, ಚಳಿಜ್ವರ ಬಂದರೆ ಆಡಿಟ್ ಕಾಯುತ್ತಾ ಕೂರಬೇಡಿ. ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ, ಕಾಲಿನ ಶಕ್ತಿ ಇಳಿದರೆ ಅವತ್ತೇ ಆಸ್ಪತ್ರೆಗೆ ಹೊರಡಿ.

ಕೌಂಟರ್ ನಂಬರ್ ಎರಡು

ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ. ಡ್ರೈ ಶೀಟ್ ಮಗನದೇ ಹಳೆಯದು ಅಟ್ಟದ ಮೇಲಿದೆ. ಒಂದೇ ಪ್ರಶ್ನೆ ಉಳಿದಿದೆ. ಆ ಐದಾರು ಸಲ ಬಿಗಿ ಮಾಡುವಾಗ ಎದುರಿನವರಿಗೆ ಮುಖದಲ್ಲಿ ಗೊತ್ತಾಗುವುದಿಲ್ಲವಾ? ಸಂತೆ ದಿನ ಸರಳಿನ ಆಚೆ ನನ್ನ ಮುಖ ಬಿಟ್ಟು ಅವರಿಗೆ ನೋಡಲು ಬೇರೇನೂ ಇರುವುದಿಲ್ಲ.

ಫಿಸಿಯೋ, ಧಾರವಾಡ

ಉಸಿರು ಕಟ್ಟಿದರೆ, ಹೊಟ್ಟೆ, ಪೃಷ್ಠ ಬಿಗಿ ಮಾಡಿದರೆ ಗೊತ್ತಾಗುತ್ತದೆ. ಅದು ತಪ್ಪು ವಿಧಾನವೂ ಹೌದು. ಬಾಯಲ್ಲಿ ಒಂದು, ಎರಡು ಅಂತ ಎಣಿಸುತ್ತಾ ಮಾಡಿ, ಉಸಿರು ತಾನಾಗೇ ಆಡುತ್ತದೆ. ನೋಟು ಎಣಿಸುವವರು ಬಾಯಲ್ಲಿ ಎಣಿಸಿದರೆ ಯಾರು ಏನಂದುಕೊಳ್ಳುತ್ತಾರೆ?