ಪ್ರಶ್ನೋತ್ತರ: "ಘಾಟ್‌ನಲ್ಲಿ ಬ್ರೇಕ್ ಹಿಡೀಲಿಲ್ಲ ಅಂದ್ರೆ ನಮ್ಮನ್ನ ಕೇಳ್ಬೇಡಿ ಮೇಡಂ"

ಹಾಸನದ ಸದಸ್ಯೆ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಗ್ಯಾರೇಜ್ ನಡೆಸೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನಂದು 2018ರ ಪೆಟ್ರೋಲ್ ಕಾರು, ಚಿಕ್ಕದು, 46 ಸಾವಿರ ಕಿ.ಮೀ. ಓಡಿದೆ. ಮುಂದಿನ ವಾರ ಅಮ್ಮನ್ನ ಕರ್ಕೊಂಡು ಮಂಗಳೂರಿಗೆ ಹೋಗೋದಿದೆ ಅಂತ ನಿನ್ನೆ ಸರ್ವಿಸ್‌ಗೆ ಬಿಟ್ಟೆ. ಸಂಜೆ ನಾಲ್ಕಕ್ಕೆ ನಾನು ಇನ್ನೂ ಕ್ಲಾಸಲ್ಲಿರುವಾಗ್ಲೇ ಫೋನ್ ಬಂತು. ಮುಂದಿನ ಬ್ರೇಕ್ ಪ್ಯಾಡ್ ಪೂರ್ತಿ ಹೋಗಿದೆ, ಪ್ಯಾಡ್ ಮತ್ತು ಎರಡೂ ಡಿಸ್ಕ್ 13,200. ಮುಂದಿನ ಶಾಕ್ ಅಬ್ಸಾರ್ಬರ್ ಲೀಕ್, ಜೋಡಿಗೆ 9,600. ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್ 5,400. ಎಸಿ ಕ್ಲೀನಿಂಗ್ 1,800. ಕೆಳಗಡೆ ಕೋಟಿಂಗ್ 4,800. ಒಟ್ಟು 34,800.

ಅಷ್ಟು ಆಗಲ್ಲ ಅಂದಿದ್ದಕ್ಕೆ "ಘಾಟ್‌ನಲ್ಲಿ ಬ್ರೇಕ್ ಹಿಡೀಲಿಲ್ಲ ಅಂದ್ರೆ ನಮ್ಮನ್ನ ಕೇಳ್ಬೇಡಿ ಮೇಡಂ, ನಿಮ್ಮ ಸ್ವಂತ ಜವಾಬ್ದಾರಿ ಅಂತ ಸಹಿ ಹಾಕಿ ಗಾಡಿ ತಗೊಂಡು ಹೋಗಿ" ಅಂದ್ರು. ಸಹಿ ಹಾಕಿ ತಂದೆ. ರಾತ್ರಿಯಿಡೀ ನಿದ್ದೆ ಇಲ್ಲ. ಇದರಲ್ಲಿ ಎಷ್ಟು ನಿಜ?

ತುಮಕೂರಿನ ಮೆಕ್ಯಾನಿಕ್:
ಮೇಡಂ, ನಾನು ಈ ಕಸುಬಿಗೆ ಬಂದು 24 ವರ್ಷ. ಮೊದಲ ಆರು ವರ್ಷ ಕಂಪನಿ ಸರ್ವಿಸ್ ಸ್ಟೇಷನ್‌ನಲ್ಲಿ ಅಡ್ವೈಸರ್ ಆಗಿದ್ದೆ, ಅಂದ್ರೆ ನಿಮಗೆ ಫೋನ್ ಮಾಡಿದ ಆ ಹುಡುಗನ ಕುರ್ಚಿಯಲ್ಲೇ ಕೂತಿದ್ದವನು. ಈಗ ಸ್ವಂತ ಶೆಡ್ಡು.

ಗಾಡಿ ಬಿಡುವಾಗ "ದೂರ ಎಲ್ಲಾದ್ರೂ ಹೋಗೋದಿದ್ಯಾ ಮೇಡಂ" ಅಂತ ಕೇಳಿರ್ತಾರೆ, ನೀವು ಮಂಗಳೂರು ಅಂದಿರ್ತೀರಿ. ಅಲ್ಲಿಗೆ ಶಿರಾಡಿ ಘಾಟ್ ಜಾಬ್ ಕಾರ್ಡ್ ಮೇಲೆ, ಅಂದ್ರೆ ಗಾಡಿಯ ಕೆಲಸ ಬರೆದುಕೊಳ್ಳೋ ಚೀಟಿ ಮೇಲೆ, ಹತ್ತಿತು. ಕೇಳೋದು ತಪ್ಪಲ್ಲ, ನಾನೂ ಕೇಳ್ತೀನಿ. ಆದ್ರೆ ಬಂದ ಉತ್ತರದಲ್ಲಿ ಗಾಡಿ ನೋಡೋರಿದ್ದಾರೆ, ಗಿರಾಕಿಯ ಭಯ ನೋಡೋರೂ ಇದ್ದಾರೆ.

ಈಗ ಪಟ್ಟಿಗೆ ಬರ್ತೀನಿ. ಪ್ಯಾಡ್ ಸವೆದಿದ್ರೂ ಸವೆದಿರಬಹುದು, 46 ಸಾವಿರಕ್ಕೆ ಅದೇನು ಆಶ್ಚರ್ಯ ಅಲ್ಲ. ಆದ್ರೆ "ಪೂರ್ತಿ ಹೋಗಿದೆ" ಅನ್ನೋದು ಅಳತೆ ಅಲ್ಲ. ಹೊಸ ಪ್ಯಾಡಿನ ಉಜ್ಜುವ ಭಾಗ ಹೆಚ್ಚುಕಮ್ಮಿ 10 ಮಿ.ಮೀ. ಇರುತ್ತೆ, 3ಕ್ಕೆ ಬಂತು ಅಂದ್ರೆ ಬದಲಾಯಿಸೋದು. ಚಕ್ರ ಬಿಚ್ಚಿ, ಸ್ಕೇಲ್ ಹಿಡಿದು, ಒಳಗಿನ ಪ್ಯಾಡು ಹೊರಗಿನ ಪ್ಯಾಡು ಎರಡರದ್ದೂ ಫೋಟೋ ಕಳಿಸಿ ಅನ್ನಿ. ಎರಡು ನಿಮಿಷದ ಕೆಲಸ. ಡಿಸ್ಕ್ ಅಂದ್ರೆ ಚಕ್ರದ ಜೊತೆ ತಿರುಗೋ ತಟ್ಟೆ, ಪ್ಯಾಡ್ ಒತ್ತಿ ಹಿಡಿಯೋದು ಅದನ್ನೇ. ಅದಕ್ಕಂತೂ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅದರ ಮೈಮೇಲೇ ಕೆತ್ತಿರ್ತಾರೆ. ಅದಕ್ಕಿಂತ ಕಮ್ಮಿ ಆಗಿದ್ರೆ ಅಥವಾ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದಿದ್ರೆ ಮಾತಾಡೋಣ. ಪ್ಯಾಡ್ ಹೋಯ್ತು ಅಂತ ಡಿಸ್ಕ್ ಹಾಕೋದು, ಚಪ್ಪಲಿ ಸವೀತು ಅಂತ ಮನೆ ನೆಲ ಅಗೆಸಿದ ಹಾಗೆ.

ಶಾಕ್ ಅಬ್ಸಾರ್ಬರ್ ಮೈಮೇಲೆ ಸ್ವಲ್ಪ ಎಣ್ಣೆ ಪಸೆ ಇದ್ರೆ ಅದು ಲೀಕ್ ಅಲ್ಲ. ನಿಜವಾಗ್ಲೂ ಸೋರಿದ್ರೆ ಧೂಳು ಮೆತ್ತಿಕೊಂಡು ಕೆಸರಿನ ಹಾಗೆ ಗಟ್ಟಿಯಾಗಿರುತ್ತೆ. ಫಳಫಳ ಹೊಳೆಯೋ ಎಣ್ಣೆ ಕಂಡ್ರೆ ನನಗಂತೂ ಅನುಮಾನ, ಯಾಕಂದ್ರೆ ಪಂಪಲ್ಲಿ ಎರಡು ಸಲ ಚಿಮುಕಿಸಿ ತೋರಿಸೋದನ್ನ ಕಣ್ಣಾರೆ ನೋಡಿದ್ದೀನಿ. ಬಟ್ಟೆಯಲ್ಲಿ ಒರೆಸಿ, ನೂರು ಕಿಲೋಮೀಟರ್ ಓಡಿಸಿ, ಮತ್ತೆ ನೋಡಿ. ಬಾನೆಟ್ ಮೂಲೆ ಜೋರಾಗಿ ಒತ್ತಿ ಬಿಟ್ಟಾಗ ಗಾಡಿ ಒಂದ್ಸಲ ಎದ್ದು ನಿಂತ್ರೆ ಸರಿ, ತೂಗುಮಂಚದ ಹಾಗೆ ಆಡ್ತಾನೇ ಇದ್ರೆ ಹೋಗಿದೆ.

ಇಂಜಿನ್ ಫ್ಲಶ್, ಇಂಜೆಕ್ಟರ್, ಎಸಿ, ಕೋಟಿಂಗ್ ಎಲ್ಲ ಬಿಡಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿರೋ ಮ್ಯಾನುಯಲ್‌ನ ಕೊನೇಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಿಸ್ಬೇಕು ಅಂತ ಕೋಷ್ಟಕ ಇದೆ. ಅದರಲ್ಲಿ ಇವು ಇದ್ಯಾ ಹುಡುಕಿ.

ನನಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಇಷ್ಟುದ್ದ ಪಟ್ಟಿಯಲ್ಲಿ ಬ್ರೇಕ್ ಆಯಿಲ್ ಎಲ್ಲಿ? ಅದು ಗಾಳಿಯಲ್ಲಿರೋ ನೀರಿನ ಪಸೆ ಹೀರಿಕೊಳ್ಳುತ್ತೆ. ಡಾಟ್ 3 ಎಣ್ಣೆ ಹೊಸದರಲ್ಲಿ 205 ಡಿಗ್ರಿವರೆಗೂ ಕುದಿಯಲ್ಲ, ಪಸೆ ಹಿಡಿದ ಮೇಲೆ 140ಕ್ಕೇ ಕುದಿಯಬಹುದು. ಘಾಟ್ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬಂದ್ರೆ ಆ ಕಾವಿಗೆ ಪೈಪಿನೊಳಗೆ ಗುಳ್ಳೆ ಏಳುತ್ತೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಘಾಟ್‌ನಲ್ಲಿ ಬ್ರೇಕ್ ಹಿಡೀಲಿಲ್ಲ ಅನ್ನೋರ ಕಥೆಯಲ್ಲಿ ಎಷ್ಟೋ ಸಲ ಇದೇ ಇರೋದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ನೀವು ಯಾವತ್ತಾದ್ರೂ ಮಾಡಿಸಿದ್ದೀರಾ? ಕೂಲಿ ಸೇರಿ ಸಾವಿರದ ಆಸುಪಾಸಿನ ಕೆಲಸ. ಅಷ್ಟರಲ್ಲಿ ಯಾರಿಗೂ ಇನ್ಸೆಂಟಿವ್ ಹುಟ್ಟಲ್ಲ, ಹಾಗಾಗಿ ಯಾರೂ ಅದನ್ನ ಹೇಳಿ ಹೆದರಿಸಲ್ಲ.

ಹಾಸನದ ಸದಸ್ಯೆ:
ಬ್ರೇಕ್ ಆಯಿಲ್ ಯಾವತ್ತೂ ಬದಲಾಯಿಸಿಲ್ಲ ಅಣ್ಣಾ, ಹಳೇ ಬಿಲ್ಲೆಲ್ಲ ತೆಗೆದು ನೋಡಿದೆ. ಸಹಿ ಹಾಕಿ ಬಂದಿದ್ದೀನಲ್ಲ, ಅದರಿಂದ ಏನಾದ್ರೂ ತೊಂದರೆ?

ತುಮಕೂರಿನ ಮೆಕ್ಯಾನಿಕ್:
ಹೇಳಿದ ಕೆಲಸ ನೀವು ಬೇಡ ಅಂದಿದ್ದೀರಿ ಅನ್ನೋದಕ್ಕೆ ಅದು ದಾಖಲೆ, ಅಷ್ಟೇ. ಮುಂದಿನ ಸಲ ಸಹಿ ಪಕ್ಕದಲ್ಲಿ ನಿಮ್ಮ ಕೈಯಾರೆ ಒಂದು ಸಾಲು ಬರೀರಿ: "ಅಳತೆ ತೋರಿಸಿ ಅಂತ ಕೇಳಿದೆ, ತೋರಿಸಲಿಲ್ಲ." ಬರೆಯೋಕೆ ಪೆನ್ನು ತೆಗೆದ ಕೂಡ್ಲೇ ಗಾಡಿ ಲಿಫ್ಟ್ ಮೇಲೆ ಹೋಗುತ್ತೆ ನೋಡಿ. ಇನ್ನೊಂದು, ಬಿಚ್ಚಿದ ಹಳೇ ಸ್ಪೇರ್ ವಾಪಸ್ ಬೇಕು ಅಂತ ಗಾಡಿ ಬಿಡುವಾಗ್ಲೇ ಜಾಬ್ ಕಾರ್ಡ್ ಮೇಲೆ ಬರೆಸಿ. ಆಮೇಲೆ ಕೇಳಿದ್ರೆ ಗುಜರಿಗೆ ಹೋಯ್ತು ಅಂತಾರೆ.

ಹುಬ್ಬಳ್ಳಿಯ ಸದಸ್ಯರು:
ಅಣ್ಣಾರ, ನಂದು 2021ರ ಡೀಸೆಲ್ ಗಾಡಿ ಐತ್ರಿ. ಡಿಪಿಎಫ್ ಲೈಟ್ ಹತ್ತೇತಿ, ಹಳದಿ. ಫಿಲ್ಟರ್ ಪೂರಾ ಬದಲಿ ಮಾಡ್ಬೇಕು, ಇಲ್ಲಾಂದ್ರ ಇಂಜಿನ್ ಸೀಜ್ ಆಗತೈತಿ ಅಂತ ಹೇಳ್ಯಾರ್ರಿ. ಲಕ್ಷದ ಹತ್ರ ಖರ್ಚು ಅಂತ. ಇನ್ನೊಬ್ಬಾಂವ ಅದನ್ನ ತಗದ ಒಗದಬಿಡೂಣು ಅಂದ.

ತುಮಕೂರಿನ ಮೆಕ್ಯಾನಿಕ್:
ದಿನಾ ಊರೊಳಗೆ ನಾಲ್ಕೈದು ಕಿಲೋಮೀಟರ್ ಅಷ್ಟೇ ಓಡಿಸ್ತೀರಾ ಸರ್? ಡಿಪಿಎಫ್ ಅಂದ್ರೆ ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್. ಹಾಗಾದ್ರೆ ಅದರಲ್ಲಿ ಮಸಿ ತುಂಬಿದೆ, ಅದನ್ನ ಸುಡೋಷ್ಟು ಕಾವು ಸಿಕ್ಕಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಮಾಮೂಲಿ ಗೋಳು ಇದು. ಬರೀ ಹಳದಿ ಲೈಟಾದ್ರೆ, ಮ್ಯಾನುಯಲ್‌ನಲ್ಲಿ ಹೇಳಿರೋ ಕ್ರಮ ನೋಡಿಕೊಂಡು ಬೆಳಗಿನ ಹೊತ್ತು ಬೆಳಗಾವಿ ಹೈವೇಗೆ ಹೋಗಿ 60ರ ಮೇಲೆ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ತಾನಾಗೇ ಸುಟ್ಟು ಲೈಟ್ ಆರೋ ಸಾಧ್ಯತೆ ಹೆಚ್ಚು. ಆರದಿದ್ರೆ ಅಥವಾ ಪಿಕಪ್ ಬಿದ್ದುಹೋದ್ರೆ ಸ್ಕ್ಯಾನರ್ ಹಾಕಿಸಿ ಅಲ್ಲೇ ಸುಡಿಸೋ ವಿಧಾನ ಇದೆ. ಬದಲಾಯಿಸೋದು ಕಟ್ಟಕಡೆಯ ಮಾತು. ತೆಗೆದು ಒಗೆಯೋಣ ಅಂದವನ ಹತ್ರ ಮತ್ತೆ ಹೋಗ್ಬೇಡಿ, ಅದು ಕಾನೂನುಬಾಹಿರ.

ಲೈಟಿನ ಬಣ್ಣ ಎಲ್ಲರೂ ನೆನಪಿಟ್ಕೊಳ್ಳಿ. ಕೆಂಪು ಎಣ್ಣೆ ಗಿಂಡಿಯ ಚಿತ್ರ ಬಂದ್ರೆ ಆ ಜಾಗದಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ, ಅದು ಯಾರೂ ಹುಟ್ಟಿಸಿದ ಭಯ ಅಲ್ಲ. ಇಂಜಿನ್ ಚಿತ್ರದ ಹಳದಿ ದೀಪ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಮನೆ ಸೇರಬಹುದು. ಮಿಣಮಿಣ ಅಂತಿದ್ರೆ ಓಡಿಸ್ಬೇಡಿ.

ನೆಲಮಂಗಲದ ಸದಸ್ಯ:
ಹೈವೇಯಲ್ಲಿ ಬೈಕಿನವನೊಬ್ಬ ನನ್ನ ಹಿಂದಿನ ಚಕ್ರದ ಕಡೆ ಕೈ ತೋರಿಸ್ಕೊಂಡು ಹೋದ. ಹೆದರಿ ನಿಲ್ಲಿಸಿದ್ರೆ ಎದುರಿಗೇ ಪಂಕ್ಚರ್ ಅಂಗಡಿ. ಟ್ಯೂಬ್‌ಲೆಸ್ ಟೈರಲ್ಲಿ ಐದು ಪಂಕ್ಚರ್, 1,250 ರೂಪಾಯಿ. "ಹೀಗೇ ಹೋಗಿದ್ರೆ ಟೈರ್ ಸಿಡಿದು ಪಲ್ಟಿ ಹೊಡೀತಿತ್ತು ಸಾರ್" ಅಂದ.

ತುಮಕೂರಿನ ಮೆಕ್ಯಾನಿಕ್:
ಮೊಳೆ ಎಷ್ಟು ಸಿಕ್ಕಿತು ತಮ್ಮಾ? ಐದು ಪಂಕ್ಚರಿಗೆ ಐದು ಮೊಳೆ ಇರಲೇಬೇಕು ಅಂತಿಲ್ಲ, ಬಿದ್ದೂ ಹೋಗಿರಬಹುದು. ಆದ್ರೆ ಒಂದೂ ಇಲ್ಲ ಅಂದ್ರೆ ಮೊಳೆ ಅವನ ಅಂಗೈಯಲ್ಲೇ ಇತ್ತು. ಸೋಪಿನ ನೀರು ಸವರುವಾಗ ಹುಡುಗನ ಇನ್ನೊಂದು ಕೈ ಮೇಲೆ ಕಣ್ಣಿಡಿ. ಯಾರೋ ಕೈ ತೋರಿಸಿದ್ರೆ ಸ್ಟೀರಿಂಗ್ ಒಂದು ಕಡೆ ಎಳೀತಿದ್ಯಾ, ಸದ್ದು ಬರ್ತಿದ್ಯಾ ಅಂತ ಗಮನಿಸಿ. ಏನೂ ಇಲ್ಲ ಅಂದ್ರೆ ನಿಧಾನಕ್ಕೆ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗಿ ಗಾಳಿ ಚೆಕ್ ಮಾಡ್ಸಿ.

ಮೈಸೂರಿನ ಸದಸ್ಯೆ:
ಕಾರಿನ ಕೆಳಗೆ ನೀರು ತೊಟ್ಟಿಕ್ತಿದೆ, ರೇಡಿಯೇಟರ್ ಹೋಗಿದೆ ಅಂದ್ರು.

ತುಮಕೂರಿನ ಮೆಕ್ಯಾನಿಕ್:
ಎಸಿ ಹಾಕಿದಾಗ ಮಾತ್ರನಾ? ಬೆರಳಿಗೆ ಹಚ್ಚಿ ನೋಡಿ ಅಕ್ಕಾ. ಬಣ್ಣ ಇಲ್ಲ, ಅಂಟಿಲ್ಲ ಅಂದ್ರೆ ಎಸಿ ನೀರು, ಗಿಡಕ್ಕೆ ಹಾಕಿ. ಹಸಿರೋ ಗುಲಾಬಿಯೋ ಇದ್ರೆ ಕೂಲಂಟ್, ಅಂದ್ರೆ ಇಂಜಿನ್ ತಂಪು ಮಾಡೋಕೆ ರೇಡಿಯೇಟರ್‌ನಲ್ಲಿರೋ ದ್ರವ. ನಾಲಿಗೆಗೆ ಮಾತ್ರ ಮುಟ್ಟಿಸ್ಬೇಡಿ, ಸಿಹಿ ಇರುತ್ತೆ, ವಿಷ.

ಬೆಂಗಳೂರಿನ ಸರ್ವಿಸ್ ಅಡ್ವೈಸರ್:
ಅಣ್ಣಾ, ನಾನೂ ಅದೇ ಕುರ್ಚಿಯಲ್ಲಿದ್ದೀನಿ. ಎಲ್ಲರನ್ನೂ ಕಳ್ಳರು ಅಂದ್ರೆ ಬೇಜಾರಾಗುತ್ತೆ. ನಾವು ಹೇಳದೇ ಬಿಟ್ಟು ನಾಳೆ ಬ್ರೇಕ್ ಫೇಲ್ ಆದ್ರೆ ಇದೇ ಗಿರಾಕಿ ನಮ್ಮ ಕಾಲರ್ ಹಿಡೀತಾರೆ. ಟಾರ್ಗೆಟ್ ಮುಟ್ಟದಿದ್ರೆ ಮ್ಯಾನೇಜರ್ ಹಿಡೀತಾರೆ.

ತುಮಕೂರಿನ ಮೆಕ್ಯಾನಿಕ್:
ಕಳ್ಳ ಅಂದಿಲ್ಲಪ್ಪಾ. ಅಂದ್ರೆ ಮೊದಲು ನನ್ನನ್ನೇ ಅನ್ನಬೇಕು. ನಮ್ಮಲ್ಲಿ ಡ್ರಾಯರ್‌ನಲ್ಲಿ ಒಂದು ಏರ್ ಫಿಲ್ಟರ್ ಇರ್ತಿತ್ತು, ಮಸಿಯಲ್ಲಿ ಅದ್ದಿ ತೆಗೆದಷ್ಟು ಕಪ್ಪು. ಬಂದವರಿಗೆಲ್ಲ ಅದನ್ನೇ ತೋರಿಸೋದು, "ನೋಡಿ ಸಾರ್, ನಿಮ್ಮ ಇಂಜಿನ್ ಉಸಿರು ಕಟ್ಟಿ ಸಾಯ್ತಿದೆ." ಒಂದು ದಿನ ಕುಣಿಗಲ್ ಕಡೆಯ ರೈತರೊಬ್ಬರು ಅದನ್ನ ಕೈಗೆ ತಗೊಂಡು, ಹಿಂದೆ ಮುಂದೆ ತಿರುಗಿಸಿ, "ನನ್ ಗಾಡೀದು ದುಂಡುಕಿರೋದು ಕಣಯ್ಯಾ, ಇದು ಚೌಕ" ಅಂದ್ರು. ಪಕ್ಕದ ಕೌಂಟರಿನವರೆಲ್ಲ ತಿರುಗಿ ನೋಡಿದ್ರು. ಕೆಲಸ ನಾನು ಆವತ್ತೇನು ಬಿಡಲಿಲ್ಲ, ಇನ್ನೂ ಒಂದೂವರೆ ವರ್ಷ ಅಲ್ಲೇ ಇದ್ದೆ. ಚೌಕದ ಫಿಲ್ಟರ್ ಜೊತೆ ದುಂಡಿಂದೂ ಒಂದು ಇಟ್ಟುಕೊಂಡ್ವಿ.

ಟಾರ್ಗೆಟ್ ವಿಷಯ ನೀನು ಹೇಳಿದ್ದು ನಿಜ, ರೋಗದ ಮೂಲವೇ ಅದು. ನಮ್ಮ ದೇಶದ್ದೊಂದೇ ಅಲ್ಲ. 1990-91ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ವಾಹನ ರಿಪೇರಿ ಬ್ಯೂರೋದವರು ಸಿಯರ್ಸ್ ಅನ್ನೋ ದೊಡ್ಡ ಕಂಪನಿಯ ಗ್ಯಾರೇಜುಗಳಿಗೆ ಗಿರಾಕಿಗಳ ವೇಷದಲ್ಲಿ ಕಾರು ಕಳಿಸಿದ್ರು. 38 ಸಲದಲ್ಲಿ 34 ಸಲ ಬೇಡದ ರಿಪೇರಿ ತಲೆಗೆ ಕಟ್ಟಿದ್ರು. ಕೆದಕಿದ್ರೆ ಅಡ್ವೈಸರ್‌ಗಳಿಗೆ ಕಮಿಷನ್ನು, ಕೋಟಾ. ಆಮೇಲೆ ಕಂಪನಿಯೇ ಆ ಕಮಿಷನ್ ಪದ್ಧತಿ ಕೈಬಿಡ್ತು. ನೀನೂ ಹೇಳು, ಹೇಳಬೇಡ ಅಂದವರು ಯಾರು? ಅಳತೆ ತೋರಿಸಿ ಹೇಳು. ಆಗ ಯಾರೂ ಕಾಲರ್ ಹಿಡಿಯಲ್ಲ.

ಮೈಸೂರಿನ ಸದಸ್ಯೆ:
ಹೊರಗಡೆ ಏನು ಮಾಡಿಸಿದ್ರೂ ವಾರಂಟಿ ಪೂರ್ತಿ ಹೋಗುತ್ತೆ ಅಂತಾರಲ್ಲ, ಅದು?

ತುಮಕೂರಿನ ಮೆಕ್ಯಾನಿಕ್:
ಅದೂ ಇದೇ ಜಾತಿಯ ಮಾತು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ದಂಡ ಹಾಕ್ತು, ಸ್ಪೇರ್ ಪಾರ್ಟ್ಸ್ ಹೊರಗಿನವರಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಇಡೀ ವಾರಂಟಿ ಕಿತ್ತುಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಏನು ಹಾಳಾಯ್ತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತಾನೂ ಹೇಳ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ದೊಡ್ಡ ಕಥೆ. ನಿಮ್ಮ ಕಡೆಯಿಂದ ವಾರಂಟಿ ಪುಸ್ತಕ ಓದಿ, ಬಿಲ್ಲು ಜೋಪಾನ ಮಾಡಿ. ಅನ್ಯಾಯ ಆಯ್ತು ಅನ್ನಿಸಿದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ. ಸಾಮಾನೋ ಸೇವೆಯೋ, ಕೊಟ್ಟ ಹಣ 5 ಲಕ್ಷದೊಳಗಿದ್ರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ಹಾಸನದ ಸದಸ್ಯೆ:
ಅಣ್ಣಾ, ಇವತ್ತು ಇಲ್ಲೇ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಚಕ್ರ ಬಿಚ್ಚಿಸಿ ಪಕ್ಕದಲ್ಲೇ ನಿಂತು ನೋಡಿದೆ. ಎಡಗಡೆ ಪ್ಯಾಡ್ 5 ಮಿ.ಮೀ. ಬಲಗಡೆ ಹೊರಗಿನದು 5, ಒಳಗಿನದು 2 ಮಿ.ಮೀ. ಕೂಡ ಇರಲಿಲ್ಲ! ಡಿಸ್ಕ್ ಅಳತೆ ಸರಿಯಾಗೇ ಇದೆ. ಶಾಕ್ ಅಬ್ಸಾರ್ಬರ್ ಒರೆಸಿದ್ವಿ, ಒಣಗಿದೆ. ಬ್ರೇಕ್ ಆಯಿಲ್ ತೆಗೆದ್ರೆ ಕಷಾಯ. ಪ್ಯಾಡು, ಎಣ್ಣೆ, ಕೂಲಿ ಎಲ್ಲ ಸೇರಿ 4,150 ಆಯ್ತು. ಅಂದ್ರೆ ಪ್ಯಾಡ್ ವಿಷಯದಲ್ಲಿ ಅವರು ಹೇಳಿದ್ದು ನಿಜನಾ?

ತುಮಕೂರಿನ ಮೆಕ್ಯಾನಿಕ್:
ನಿಜ. ಆ ಒಂದು ಪ್ಯಾಡ್ ಮಟ್ಟಿಗೆ ಪೂರ್ತಿ ನಿಜ, ನೀವು ಹಾಗೇ ಹೋಗಿದ್ರೆ ನನಗೇ ಹೆದರಿಕೆ ಆಗ್ತಿತ್ತು. ಅದೊಂದು ಫೋಟೋ ಕಳಿಸಿದ್ರೆ ನೀವು ಅಲ್ಲೇ ಹಾಕಿಸ್ತಿದ್ರಿ, ಅವರಿಗೂ ವ್ಯಾಪಾರ ಆಗ್ತಿತ್ತು. 34,800ರ ರಾಶಿಯೊಳಗೆ ಹೂತಿಟ್ಟಿದ್ದಕ್ಕೆ ನಿಮಗೆ ಅದೂ ಸುಳ್ಳಾಗಿ ಕಾಣ್ತು.

ಒಂದೇ ಕಡೆ ಒಳಗಿನ ಪ್ಯಾಡ್ ಹಾಗೆ ಸವೆದಿದೆ ಅಂದ್ರೆ ಕ್ಯಾಲಿಪರ್ (ಪ್ಯಾಡ್‌ಗಳನ್ನ ಡಿಸ್ಕ್‌ಗೆ ಒತ್ತೋ ಹಿಡಿಕೆ) ಪಿನ್ ಜಾಮ್ ಆಗಿರಬೇಕು. ಪಿನ್ ಬಿಚ್ಚಿ, ಕ್ಲೀನ್ ಮಾಡಿ, ಗ್ರೀಸ್ ಹಾಕಿದ್ರಾ ಕೇಳಿ. ಹಾಕಿಲ್ಲ ಅಂದ್ರೆ ನಾಳೇನೇ ವಾಪಸ್ ಹೋಗಿ, ಇಲ್ಲದಿದ್ರೆ ಹೊಸ ಪ್ಯಾಡಿಗೂ ಅದೇ ಗತಿ.

ಹಾಸನದ ಸದಸ್ಯೆ:
ಹಾಕಿದ್ರು ಅಣ್ಣಾ. ಪಿನ್ ಎಳೆಯೋಕೇ ಅರ್ಧ ಗಂಟೆ ಒದ್ದಾಡಿದ್ರು, ತುಕ್ಕು ಹಿಡಿದಿತ್ತು.

ತುಮಕೂರಿನ ಮೆಕ್ಯಾನಿಕ್:
ಸರಿ ಹಾಗಾದ್ರೆ. ಹೊಸ ಪ್ಯಾಡ್ ಕೂರೋಕೆ ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು, ಅಷ್ಟರೊಳಗೆ ಗಕ್ಕನೆ ಬ್ರೇಕ್ ಹಾಕ್ಬೇಡಿ. ಹೊರಡೋ ಮುಂಚೆ ಹಾಸನ ಸುತ್ತಮುತ್ತ ಓಡಾಡಿ. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಇಳಿಜಾರು ಶುರುವಾದ ಮೇಲೆ ಸೆಕೆಂಡ್ ಅಥವಾ ಥರ್ಡ್ ಗೇರಲ್ಲೇ ಇಳೀರಿ, ನ್ಯೂಟ್ರಲ್ ಮಾತ್ರ ಬೇಡ. ಹಿಂದಿನ ಲಾರಿಯವನು ಹಾರನ್ ಹೊಡೆದ್ರೆ ಹೊಡ್ಕೊಳ್ಳಲಿ. ಅಮ್ಮನಿಗೆ ತಿರುವಲ್ಲಿ ವಾಂತಿ ಬರೋ ಅಭ್ಯಾಸ ಇದ್ರೆ ಮುಂದಿನ ಸೀಟಲ್ಲೇ ಕೂರಿಸ್ಕೊಳ್ಳಿ.