ಅಪ್ಪನಿಗೆ ಸಿಂಗಲ್ಸ್, ಮಗನಿಗೆ ಹೋಮ್‌ರನ್: ನಮ್ಮನೆಯ ಮ್ಯಾರಿನರ್ಸ್ ಜಗಳ

ಎಲ್ಲರಿಗೂ ನಮಸ್ಕಾರ. ಮೊನ್ನೆ ಸಂಕ್ರಾಂತಿಗೆ ಇಲ್ಲಿ ಸಿಯಾಟಲ್‌ನಲ್ಲಿ ಸೇರಿದಾಗ, ಎಳ್ಳು-ಬೆಲ್ಲ ಕೈಗೆ ಹಾಕ್ತಾ ಒಬ್ಬರು ಕೇಳಿದ್ರು: "ನಮ್ಮ ಹುಡುಗ ಕ್ರಿಕೆಟ್ ಕೋಚಿಂಗ್ ಬಿಟ್ಟು ಲಿಟಲ್ ಲೀಗ್ ಬೇಸ್‌ಬಾಲ್ ಸೇರ್ತೀನಿ ಅಂತ ಹಟ ಹಿಡಿದಿದಾನೆ. ನಮಗೋ ಆ ಆಟದ ತಲೆಬುಡ ಗೊತ್ತಿಲ್ಲ. ಏನ್ಮಾಡೋದು?" ಊಟದ ಸಾಲಲ್ಲಿ ನಿಂತು ಅದಕ್ಕೆ ಉತ್ತರ ಹೇಳಿ ಮುಗಿಸೋಕೆ ಆಗಲಿಲ್ಲ. ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಉತ್ತರ ಅಂದ್ರೆ, ಸೇರಿಸಿ. ಅಷ್ಟೇ. ಆದರೆ ಹುಡುಗ ಸೇರಿದ ಮೇಲೆ ಸಿಯಾಟಲ್ ಮ್ಯಾರಿನರ್ಸ್ ಅನ್ನೋ ಟೀಮು ನಿಮ್ಮನೆ ಹಾಲ್‌ಗೂ ಬಂದು ಕಾಲು ಚಾಚಿ ಕೂರುತ್ತೆ. ಆಮೇಲೆ ಅದು ಏಳಲ್ಲ. ಅದರ ಸಂಗ ಎಂಥದ್ದು ಅಂತ ಮೊದಲೇ ತಿಳ್ಕೊಂಡಿರೋದು ಒಳ್ಳೇದು.

1977ರಲ್ಲಿ ಹುಟ್ಟಿದ ಟೀಮು. ಮೇಜರ್ ಲೀಗ್, ಅಂದ್ರೆ ಇಲ್ಲಿನ ಬೇಸ್‌ಬಾಲಿನ ಅತಿ ದೊಡ್ಡ ಲೀಗ್‌ನಲ್ಲಿ 30 ಟೀಮುಗಳಿವೆ. ಅದರಲ್ಲಿ ವರ್ಲ್ಡ್ ಸೀರೀಸ್‌ಗೆ ಒಂದು ಸಲವೂ ಕಾಲಿಡದೇ ಇರೋದು ನಮ್ಮದೊಂದೇ. ಗೆಲ್ಲೋ ಮಾತು ಹಾಗಿರಲಿ, ಫೈನಲ್ಲನ್ನೇ ಕಂಡಿಲ್ಲ. 2001ರಲ್ಲಿ 162 ಪಂದ್ಯದಲ್ಲಿ 116 ಗೆದ್ದು, 1906ರ ಚಿಕಾಗೋ ಕಬ್ಸ್ ದಾಖಲೆಗೆ ಸರಿಸಮ ನಿಂತರು. ಆ ವರ್ಷವೂ ನ್ಯೂಯಾರ್ಕ್ ಯಾಂಕೀಸ್ ಎದುರು ಸೋತು ಮನೆಗೆ ಬಂದರು. ಆಮೇಲೆ ಪ್ಲೇಆಫ್ ಮುಖ ನೋಡಿದ್ದೇ 2022ರಲ್ಲಿ. ಆರ್‌ಸಿಬಿ ನೋಡಿಕೊಂಡು ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2025ರ ಜೂನ್ 3ರಂದು, ನಮಗಿಲ್ಲಿ ಮಂಗಳವಾರ ಬೆಳಿಗ್ಗೆ, ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು 18 ವರ್ಷದ ಕಾಯುವಿಕೆ ಮುಗಿದಿದ್ದನ್ನ ನೋಡಿದೆ. ಮಾರನೇ ದಿನ ಚಿನ್ನಸ್ವಾಮಿ ಮುಂದಿನ ಕಾಲ್ತುಳಿತದ ಸುದ್ದಿ ಬಂದ ಮೇಲೆ ಆ ಖುಷಿಯನ್ನ ಬಾಯಿಬಿಟ್ಟು ಹೇಳೋಕೂ ಮನಸ್ಸಾಗಲಿಲ್ಲ, ಅದು ಬೇರೆ ಮಾತು. ಆದ್ರೆ ನನ್ನ ಮಗನಿಗೆ ಆವತ್ತಿಂದ ಒಂದು ನಂಬಿಕೆ ಬಂದುಬಿಡ್ತು: "ಅಪ್ಪಾ, ಆರ್‌ಸಿಬಿ ಗೆದ್ದ ವರ್ಷವೇ ಮ್ಯಾರಿನರ್ಸೂ ಗೆಲ್ಲುತ್ತೆ."

ನಾನು ಈ ಊರಿಗೆ ಬಂದಿದ್ದು 2004ರಲ್ಲಿ. ಇನ್ನೂ ಮದುವೆ ಆಗಿರಲಿಲ್ಲ, ಕಾರಿರಲಿಲ್ಲ. ಶಿವಮೊಗ್ಗದವನಿಗೆ ಇಲ್ಲಿನ ಸೋನೆಮಳೆ ಹೊಸದಲ್ಲ, ಆದರೆ ಶನಿವಾರ-ಭಾನುವಾರ ಅನ್ನೋದು ಮಾತ್ರ ತಿನ್ನೋಕೆ ಬರ್ತಿತ್ತು. ಆಫೀಸಿನವರೊಬ್ಬರು ಎಳ್ಕೊಂಡು ಹೋಗಿ ಸ್ಟೇಡಿಯಮ್ಮಿನ ತೀರಾ ಮೇಲಿನ ಸಾಲಲ್ಲಿ ಕೂರಿಸಿದ್ರು. ಬೇಸ್‌ಬಾಲ್ ಅಂದ್ರೆ ಗದೆ ಬೀಸೋ ಆಟ ಅಂದ್ಕೊಂಡಿದ್ದೆ. ನೋಡಿದರೆ ಒಬ್ಬ ಸಣಕಲು ಮನುಷ್ಯ ಎಡಗೈ ಬ್ಯಾಟಿಂಗಿಗೆ ಬಂದ, ಶರ್ಟಿನ ತೋಳು ಸ್ವಲ್ಪ ಎಳ್ಕೊಂಡ, ಚೆಂಡನ್ನ ನೆಲಕ್ಕೆ ತಟ್ಟಿದ, ತಟ್ಟುವಾಗಲೇ ಓಡೋಕೆ ಶುರು ಮಾಡಿಬಿಟ್ಟಿದ್ದ. ಫೀಲ್ಡರ್ ಚೆಂಡು ಹಿಡಿದು ತಲೆ ಎತ್ತೋ ಹೊತ್ತಿಗೆ ಅವನು ಮೊದಲನೇ ಬೇಸ್ ಮೇಲೆ ನಿಂತಿದ್ದ. ಅದು ಇಚಿರೊ, ಮ್ಯಾರಿನರ್ಸ್‌ನ ಜಪಾನಿ ಆಟಗಾರ. ಗಲ್ಲಿ ಕ್ರಿಕೆಟ್ಟಲ್ಲಿ ಕದ್ದು ಒಂದು ರನ್ ಓಡ್ತಿದ್ದೆವಲ್ಲ, ಅದೇ ಆಟ. ಆ ವರ್ಷ ಇಚಿರೊ 262 ಹಿಟ್ ಹೊಡೆದು, 1920ರಲ್ಲಿ ಜಾರ್ಜ್ ಸಿಸ್ಲರ್ ಮಾಡಿದ್ದ 257ರ ದಾಖಲೆ ಮುರಿದ. ಆ 262ರಲ್ಲಿ 225 ಬರೀ ಸಿಂಗಲ್ಸ್, ಅಂದ್ರೆ ಮೊದಲನೇ ಬೇಸ್ ತನಕ ಮಾತ್ರ ಮುಟ್ಟಿಸೋ ಹೊಡೆತ! ದಾಖಲೆ ಮುರಿದ ಗಳಿಗೆಯಲ್ಲಿ ಪ್ರೇಕ್ಷಕರ ಸಾಲಲ್ಲಿದ್ದ ಸಿಸ್ಲರ್ ಮಗಳ ಹತ್ತಿರ ಹೋಗಿ ಕೈ ಕುಲುಕಿ ಬಂದ. ಅಮೆರಿಕಾದಲ್ಲಿ ನಾನೂ ಇರಬಹುದು ಅಂತ ಮೊದಲ ಸಲ ಅನ್ನಿಸಿದ್ದು ಆವತ್ತು. 2025ರಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದ್ರೆ ಬೇಸ್‌ಬಾಲಿನ ಮಹಾನ್ ಆಟಗಾರರ ಸಾಲಿಗೆ, ಇಚಿರೊಗೆ 394ರಲ್ಲಿ 393 ಓಟು ಬಿದ್ದವು. ಆ ಒಬ್ಬ ಪುಣ್ಯಾತ್ಮ ಯಾರು ಅಂತ ನಮ್ಮನೇಲಿ ಇವತ್ತಿಗೂ ಬೈತಾ ಇರ್ತೀವಿ.

ಈಗಿನ ಮ್ಯಾರಿನರ್ಸ್ ಆಡೋದು ಆ ಆಟ ಅಲ್ಲ. ನಮ್ಮನೆ ಜಗಳದ ಮೂಲವೇ ಇದು.

ಇವರದ್ದು ಮೊದಲಿನಿಂದ ಕೊನೇವರೆಗೆ ಬೌಲಿಂಗ್ ಟೀಮು. ಪಿಚಿಂಗ್ ಅನ್ನಬೇಕು, ನಮ್ಮನೇಲಿ ಬೌಲಿಂಗ್ ಅಂತಲೇ ಅಂತೀವಿ. ಲೋಗನ್ ಗಿಲ್ಬರ್ಟ್, ಜಾರ್ಜ್ ಕರ್ಬಿ, ಬ್ರಯನ್ ವೂ, ಬ್ರೈಸ್ ಮಿಲ್ಲರ್, ಜೊತೆಗೆ ಹಳೇ ಹುಲಿ ಲೂಯಿಸ್ ಕಸ್ಟಿಯೊ. ಬ್ಯಾಟ್ಸ್‌ಮನ್‌ಗೆ ಬಿಟ್ಟಿ ಬೇಸ್ ಕೊಡಬಾರದು ಅನ್ನೋದು ಇವರ ವ್ರತ. ಕರ್ಬಿಯಂತೂ ಅದರಲ್ಲಿ ಜಿಪುಣಾಗ್ರೇಸರ. ಕೊನೆಗೆ ಆಂಡ್ರೆಸ್ ಮುನ್ಯೋಸ್ ಬಂದು ಗಂಟೆಗೆ 100 ಮೈಲಿ ವೇಗದಲ್ಲಿ ಬಾಗಿಲು ಹಾಕ್ತಾನೆ. ಸ್ಟೇಡಿಯಮ್ಮೂ ಇವರಿಗೆ ಒತ್ತಾಸೆ. ಟಿ-ಮೊಬೈಲ್ ಪಾರ್ಕಿನ ಮಾಡು ಮಳೆ ಬಂದರೆ ಸರಿದು ಮುಚ್ಕೊಳ್ಳುತ್ತೆ, ಆದರೆ ಸುತ್ತ ಗೋಡೆ ಮುಚ್ಚಲ್ಲ. ಕೊಡೆ ಹಿಡಿದ ಹಾಗೆ. ಏಪ್ರಿಲ್ ರಾತ್ರಿ ಸಮುದ್ರದ ಕಡೆಯಿಂದ ಬರೋ ಥಂಡಿ ಗಾಳಿಗೆ ಚೆಂಡು ಭಾರವಾಗಿ, ಬೇರೆ ಊರಲ್ಲಿ ಆಚೆ ಬೀಳೋ ಹೊಡೆತ ಇಲ್ಲಿ ಬೌಂಡರಿ ಹತ್ತಿರ ಕ್ಯಾಚಾಗುತ್ತೆ. ಪಕ್ಕದ ಹಳಿ ಮೇಲೆ ಗೂಡ್ಸ್ ಗಾಡಿ ಕೂಗ್ಕೊಂಡು ಹೋಗುತ್ತೆ, ಸ್ಕೋರ್‌ಬೋರ್ಡಲ್ಲಿ ಸೊನ್ನೆ ಮೇಲೆ ಸೊನ್ನೆ. ನನಗಂತೂ ಅದು ಇಷ್ಟ. ನನ್ನ ಹೆಂಡತಿಗೆ ನಿದ್ದೆ ಬರುತ್ತೆ.

ಬ್ಯಾಟಿಂಗ್ ಮಾತ್ರ ಹೊಡೆದರೆ ಆಚೆ, ಇಲ್ಲದಿದ್ದರೆ ಒಳಗೆ. 2024ರಲ್ಲಿ ಇಡೀ ಲೀಗಿನಲ್ಲೇ ಹೆಚ್ಚು ಸ್ಟ್ರೈಕ್‌ಔಟ್, ಅಂದ್ರೆ ಮೂರು ಸಲ ತಪ್ಪಿ ಔಟ್, ಆದ ಟೀಮು ನಮ್ಮದು. ಅಷ್ಟು ಚೆಂದದ ಬೌಲಿಂಗ್ ಇಟ್ಕೊಂಡು, 2023ರಲ್ಲೂ 2024ರಲ್ಲೂ ಒಂದೇ ಒಂದು ಪಂದ್ಯದಿಂದ ಪ್ಲೇಆಫ್ ತಪ್ಪಿಸ್ಕೊಂಡರು. ಹತ್ತು ವರ್ಷದಲ್ಲಿ ಶೇಕಡಾ 54ರಷ್ಟು ಗೆದ್ದರೆ ಸಾಕು ಅನ್ನೋ ಅರ್ಥದ ಮಾತನ್ನ ಟೀಮಿನ ಮುಖ್ಯಸ್ಥ ಜೆರಿ ಡಿಪೊಟೊ ಆಡಿ ಊರಿನವರ ಬಾಯಿಗೆ ಬಿದ್ದಿದ್ದೂ ಆಗಲೇ. ಲೆಕ್ಕ ತಪ್ಪಿರಲಿಲ್ಲ. ಆದರೆ 54 ಅಂತ ಬೋರ್ಡು ಹಿಡ್ಕೊಂಡು ಯಾರು ಆಟ ನೋಡೋಕೆ ಹೋಗ್ತಾರೆ?

2025ರಲ್ಲಿ ಎಲ್ಲ ಬದಲಾಯ್ತು, ಕ್ಯಾಲ್ ರಾಲಿ ದಯೆಯಿಂದ. ಅವನು ಕ್ಯಾಚರ್, ನಮ್ಮ ಲೆಕ್ಕದಲ್ಲಿ ಕೀಪರ್. ದಿನಾ ಒಂದು ನೂರೈವತ್ತು ಸಲ ಕುಕ್ಕರಗಾಲಲ್ಲಿ ಕೂತು ಎದ್ದು, ಆಮೇಲೆ ಬ್ಯಾಟ್ ಹಿಡಿದು ಆ ವರ್ಷ 60 ಹೋಮ್‌ರನ್, ನಮ್ಮ ಸಿಕ್ಸರ್ ಥರದ್ದು, ಹೊಡೆದ. ಅದಕ್ಕೆ ಮುಂಚೆ ಯಾವ ಕ್ಯಾಚರೂ 48 ದಾಟಿರಲಿಲ್ಲ. ಎರಡೂ ಕೈಲಿ ಬ್ಯಾಟ್ ಮಾಡೋರಲ್ಲಿ ಮಿಕಿ ಮ್ಯಾಂಟಲ್‌ನ 1961ರ 54ನ್ನೂ ಮುರಿದ. ಎಂವಿಪಿ, ಅಂದ್ರೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಮಾತ್ರ ಯಾಂಕೀಸಿನ ಆರನ್ ಜಡ್ಜ್ ಪಾಲಾಯ್ತು, ಮೊದಲ ಸ್ಥಾನದ ಓಟು 17ಕ್ಕೆ 13. ಈ ವಿಷಯ ನಮ್ಮ ಮಗನ ಮುಂದೆ ಎತ್ತಬೇಡಿ.

ಜುಲೈಯಲ್ಲಿ ನಮ್ಮಮ್ಮ ಊರಿಂದ ಬಂದರು. ಅಜ್ಜಿಗೆ ಕನ್ನಡದಲ್ಲಿ ಬೇಸ್‌ಬಾಲ್ ಹೇಳ್ಕೊಡೋ ಕೆಲಸ ಮೊಮ್ಮಗನ ಮೇಲೆ ಬಿತ್ತು. ನಾನು ಆರು ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಕಳಿಸಿ ಬಾಯಲ್ಲಿ ಬರಿಸೋಕಾಗದ ಮಾತೆಲ್ಲ ಆರು ವಾರದಲ್ಲಿ ಬಂತು. "ಅಜ್ಜಿ, ಮೂರು ಸಲ ತಪ್ಪಿದರೆ ಔಟು." "ಹೊಡೆದ ಮೇಲೆ ಬ್ಯಾಟ್ಯಾಕೋ ಬಿಸಾಕ್ತಾನೆ, ಒಡೆದು ಹೋಗಲ್ವಾ?" "ಓಡೋಕೆ ಅಡ್ಡ ಅಜ್ಜಿ." ಒಂದು ದಿನ ರಾಲಿಗೆ ಜನ 'ಬಿಗ್ ಡಂಪರ್' ಅಂತಾರಲ್ಲ, ಹಾಗಂದ್ರೇನು ಅಂತ ಕೇಳಿದ್ರು. ಹುಡುಗ ಸ್ವಲ್ಪ ಯೋಚಿಸಿ, "ದಪ್ಪ ಅಂಡು" ಅಂದ. ಅಮ್ಮ ಬಾಯಿ ಮೇಲೆ ಸೆರಗಿಟ್ಕೊಂಡು ನಕ್ಕರೂ, "ದುಡಿಯೋ ಮಗನ್ನ ಹಾಗೆಲ್ಲ ಆಡ್ಕೋಬಾರ್ದು" ಅಂತ ತೀರ್ಪು ಕೊಟ್ಟರು. ಅಂದಿನಿಂದ ನಮ್ಮನೇಲಿ ರಾಲಿ ಹೆಸರು 'ದುಡಿಯೋ ಮಗ'.

ಮ್ಯಾರಿನರ್ಸ್ 90 ಗೆದ್ದು, 2001ರ ನಂತರ ಮೊದಲ ಸಲ ಡಿವಿಷನ್, ಅಂದ್ರೆ ಲೀಗಿನಲ್ಲಿ ತಮ್ಮ ಗುಂಪು, ಗೆದ್ದರು. ಪ್ಲೇಆಫ್‌ನಲ್ಲಿ ಅಕ್ಟೋಬರ್ 10ರ ಶುಕ್ರವಾರ ಡೆಟ್ರಾಯಿಟ್ ಟೈಗರ್ಸ್ ಮೇಲೆ 15 ಇನ್ನಿಂಗ್ಸ್ ಆಡಿ 3-2ರಲ್ಲಿ ಗೆದ್ದರು. ಒಂಬತ್ತಕ್ಕೆ ಮುಗಿಯೋ ಆಟ! ಹಂಪಿ ಅಂತ ಒಂದು ಗುಲಾಬಿ ಸಾಲ್ಮನ್ ಮೀನಿನ ವೇಷ ಇದೆ. ಪಂದ್ಯದ ನಡುವೆ ನಡೆಯೋ ಮೀನುಗಳ ಓಟದಲ್ಲಿ ಸದಾ ಸೋಲೋದೇ ಅದರ ಕಸುಬು. ಆ ರಾತ್ರಿ ಅದೂ ಮೊದಲ ಸಲ ಗೆಲ್ತು. ಅಮ್ಮ ಹಂಪಿ ಅಂದ ತಕ್ಷಣ ವಿರೂಪಾಕ್ಷನಿಗೆ ಕೈ ಮುಗಿದರು. ಹೊರ್ಹೆ ಪೊಲಾಂಕೊ ಗೆಲುವಿನ ಹೊಡೆತ ಹೊಡೆದಾಗ ನಾನು ಮಗನ ಕಡೆ ತಿರುಗಿ ಹೇಳಿದೆ, "ನೋಡು, ಸಿಂಗಲ್."

ಆಮೇಲೆ ಟೊರಾಂಟೊ ಬ್ಲೂ ಜೇಸ್ ಜೊತೆ ಏಳು ಪಂದ್ಯ, ಗೆದ್ದವರು ವರ್ಲ್ಡ್ ಸೀರೀಸ್‌ಗೆ. ಮೊದಲೆರಡು ಅವರೂರಲ್ಲೇ ಗೆದ್ದು, ನಮ್ಮೂರಲ್ಲಿ ಎರಡು ಸೋತು, ಐದನೇದನ್ನ ನಮ್ಮ ಸುವಾರೆಸ್‌ನ ಗ್ರ್ಯಾಂಡ್ ಸ್ಲಾಮಿನಿಂದ (ಒಂದೇ ಹೊಡೆತಕ್ಕೆ ನಾಲ್ಕು ರನ್) ಗೆದ್ದು, ಆರನೇದು ಸೋತು, ಏಳನೇದು ಬಂದು ಬಿದ್ದಿದ್ದು ಅಕ್ಟೋಬರ್ 20ಕ್ಕೆ, ನರಕ ಚತುರ್ದಶಿ ದಿನ. ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು ಅಭ್ಯಂಜನ ಮಾಡಿ ಸ್ಕೂಲಿಗೆ ಹೋಗಿದ್ದ ಹುಡುಗ ಸಂಜೆ ಐದಕ್ಕೆ ಸ್ಕೋರು ಪುಸ್ತಕ ಹಿಡ್ಕೊಂಡು ಟಿವಿ ಮುಂದೆ. ಆ ಪುಟದ ಮೂಲೆಯಲ್ಲಿ ಈಗಲೂ ಎಣ್ಣೆ ಕಲೆ ಇದೆ.

ಐದನೇ ಇನ್ನಿಂಗ್ಸಿಗೆ 3-1 ಮುಂದಿದ್ದೆವು. ಹುಲಿಯೊ ರೊಡ್ರಿಗೆಸ್ ಒಂದು, ದುಡಿಯೋ ಮಗ ಒಂದು ಹೋಮ್‌ರನ್. ಎರಡರಲ್ಲೂ ಬೇಸ್ ಮೇಲೆ ಬೇರೆ ಯಾರೂ ಇಲ್ಲ, ಒಂದೊಂದೇ ರನ್. ಏಳನೇ ಇನ್ನಿಂಗ್ಸಲ್ಲಿ ಟೊರಾಂಟೊ ಏನು ಮಾಡಿತು ನೋಡಿ. ಒಬ್ಬ ವಾಕ್, ಅಂದ್ರೆ ಬಿಟ್ಟಿ ಬೇಸ್, ತಗೊಂಡ. ಇನ್ನೊಬ್ಬ ಸಿಂಗಲ್. ಮೂರನೆಯವನು ಬ್ಯಾಟ್ ಅಡ್ಡ ಹಿಡಿದು ಚೆಂಡಿಗೆ ಮೆಲ್ಲಗೆ ಮುಟ್ಟಿಸಿ (ಇದಕ್ಕೆ ಬಂಟ್ ಅಂತಾರೆ), ತಾನು ಔಟಾಗಿ ಇಬ್ಬರನ್ನೂ ಒಂದೊಂದು ಬೇಸ್ ಮುಂದೆ ತಳ್ಳಿದ. ಆ ವರ್ಷ ಇಡೀ ಲೀಗಿನಲ್ಲಿ ಅತಿ ಕಡಿಮೆ ಸ್ಟ್ರೈಕ್‌ಔಟ್ ಆದ ಟೀಮು ಅದು, ಗೊತ್ತಿರಲಿ. ಅಮ್ಮ ತುಳಸಿ ಕಟ್ಟೆ ಮುಂದೆ, ಅಂದ್ರೆ ನಮ್ಮ ಬಾಲ್ಕನಿಯ ಕುಂಡದ ಮುಂದೆ, ದೀಪ ಇಡ್ತಿದ್ರು. ಮುನ್ಯೋಸ್‌ನ ಕರೀತಾರೆ ಅಂತ ನಾನು ಕಾಯ್ತಿದ್ದೆ. ಮ್ಯಾನೇಜರ್ ಡ್ಯಾನ್ ವಿಲ್ಸನ್ ಕರೆದಿದ್ದು ಇನ್ನೊಬ್ಬ ಬೌಲರ್ ಬಜಾರ್ಡೊನ. ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಚೆಂಡನ್ನ ಎಡಗಡೆ ಸ್ಟ್ಯಾಂಡಿಗೆ ಎತ್ತಿ ಹೊಡೆದ. ಬೇಸ್ ಮೇಲಿದ್ದ ಇಬ್ಬರು, ಅವನೂ ಸೇರಿ ಮೂರು ರನ್. 4-3. ಅಲ್ಲಿಗೆ ಮುಗೀತು. ನಿಮ್ಮ ಅತ್ಯುತ್ತಮ ಬೌಲರ್‌ನ ಮುಂದಿನ ಇನ್ನಿಂಗ್ಸಿಗೆ ಅಂತ ಎತ್ತಿಟ್ಟರೆ, ಮುಂದಿನ ಇನ್ನಿಂಗ್ಸೇ ಬರಲ್ಲ. ಇದನ್ನ ನಾನು ಸಾಯೋತನಕ ಹೇಳ್ತೀನಿ.

ಮಗ ಪೆನ್ಸಿಲ್ ಕೆಳಗಿಟ್ಟ. ಎಂಟು, ಒಂಬತ್ತನೇ ಇನ್ನಿಂಗ್ಸಿನ ಮನೆಗಳು ಖಾಲಿ. ನಾನು ಸಮಾಧಾನ ಮಾಡೋ ಬದಲು ಪಾಠಕ್ಕಿಳಿದೆ: "ನೋಡು, ವಾಕ್, ಸಿಂಗಲ್, ಬಂಟ್. ಸಣ್ಣ ಆಟ ಆಡಿ ಗೆದ್ದರು." ಅವನು ಕಣ್ಣೊರೆಸ್ಕೊಂಡು, "ಕೊನೇಗೆ ಗೆಲ್ಲಿಸಿದ್ದು ಹೋಮ್‌ರನ್ನೇ ಅಲ್ವಾ ಅಪ್ಪ?" ಅಂದ. ಅಮ್ಮ ಒಳಗೆ ಬಂದು, "ಹಬ್ಬದ ದಿನ ಮಗೂನ ಅಳಿಸ್ತೀಯೇನೋ" ಅಂತ ನನಗೇ ಬೈದರು.

ಅವನ ವಾದದಲ್ಲೂ ಹುರುಳಿದೆ. ಇಷ್ಟು ವೇಗದ ಬೌಲಿಂಗ್ ಎದುರು, ನಮ್ಮ ಥಂಡಿ ಗಾಳೀಲಿ, ಮೂರು ಸಿಂಗಲ್ ಸಾಲಾಗಿ ಕೂಡಿಸೋದಕ್ಕಿಂತ ಒಂದು ಹೋಮ್‌ರನ್ನಿಗೆ ಕಾಯೋದೇ ಲೆಕ್ಕದ ಪ್ರಕಾರ ಲಾಭ ಅಂತಾನೆ. ಇರಲಿ. ಒಂಬತ್ತು ಜನವೂ ಇಚಿರೊ ಆಗಲಿ ಅಂತ ನಾನೂ ಕೇಳ್ತಿಲ್ಲ. ಚೆಂಡಿಗೆ ಬ್ಯಾಟ್ ತಾಗಿಸೋ ಇಬ್ಬರು ಸಾಕು. ಜಾಶ್ ನೇಲರ್‌ನ ಐದು ವರ್ಷಕ್ಕೆ ಉಳಿಸ್ಕೊಂಡಿದ್ದು ಅದಕ್ಕೇ ನನಗೆ ಈ ಚಳಿಗಾಲದ ದೊಡ್ಡ ಸುದ್ದಿ. ದಪ್ಪ ಆಸಾಮಿ, ಓಟದಲ್ಲಿ ಲೀಗಿನ ಕೊನೇ ಬೆಂಚು. ಆದರೂ ಬೌಲರ್‌ನ ಕಾಲು ನೋಡಿ ನೋಡಿ 2025ರಲ್ಲಿ 30 ಬೇಸ್ ಕದ್ದ, ಅಂದ್ರೆ ಯಾರೂ ಚೆಂಡು ಹೊಡೆಯದೇ ಇದ್ದರೂ ಮುಂದಿನ ಬೇಸಿಗೆ ಓಡಿ ಮುಟ್ಟಿದ. ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೋಗಿದ್ದು ನಷ್ಟ. ಆ ಜಾಗಕ್ಕೆ ಬ್ರೆಂಡನ್ ಡೊನೊವನ್ ಥರದವನು ಬೇಕು ಅನ್ನೋದು ನನ್ನ ಆಸೆ. ಕೋಲ್ಟ್ ಎಮರ್ಸನ್ ಅಂತ ಇಪ್ಪತ್ತರ ಹುಡುಗ 2025ರಲ್ಲಿ ಕೆಳಗಿನ ಲೀಗಲ್ಲಿ ತಯಾರಾಗ್ತಿದ್ದ, ಅವನ ಮೇಲೆ ಕಣ್ಣಿಡಿ.

ರಾಲಿ ಇನ್ನೊಂದು ಸಲ 60 ಹೊಡೀತಾನೆ ಅಂತ ಕಾಯಬೇಡಿ. 40 ಹೊಡೆದರೂ ಕೈಮುಗೀರಿ. ನನ್ನ ನಿಜವಾದ ಹೆದರಿಕೆ ಬೌಲರ್‌ಗಳ ಭುಜ. 2025ರಲ್ಲಿ ಗಿಲ್ಬರ್ಟ್, ಕರ್ಬಿ, ಮಿಲ್ಲರ್ ಮೂವರೂ ಗಾಯವಾಗಿ ಕೂತಿದ್ರು, ವೂ ಬೇಕಾದ ಹೊತ್ತಲ್ಲೇ ಎದೆ ಹಿಡ್ಕೊಂಡ. ಆ ಐವರಲ್ಲಿ ನಾಲ್ವರು ಅಕ್ಟೋಬರ್ ತನಕ ಬಾಳಿದರೆ ಡಿವಿಷನ್ ಮತ್ತೆ ನಮ್ಮದೇ ಅಂತ ನನ್ನ ಅಂದಾಜು. ಮುಂದಿನದ್ದು ಹೇಳಲ್ಲ, ದೃಷ್ಟಿಯಾಗುತ್ತೆ.

ಇನ್ನು ಪ್ರಶ್ನೆ ಕೇಳಿದವರಿಗೆ. ವಸಂತದ ಸೀಸನ್ನಿಗೆ ನೋಂದಣಿ ಈಗಲೇ ನಡೀತಿರುತ್ತೆ, ತಡ ಮಾಡಬೇಡಿ. ಗ್ಲವ್ ಹೊಸದು ತಂದರೆ ಹಲಗೆ ಥರ ಇರುತ್ತೆ. ಒಂದು ತಿಂಗಳು ದಿನಾ ಚೆಂಡು ಹಾಕಿ ಪಳಗಿಸಬೇಕು. ಕೋಚ್‌ಗಳು ನಮ್ಮ ನಿಮ್ಮಂಥ ಅಪ್ಪ-ಅಮ್ಮಂದಿರೇ, ನಿಮ್ಮನ್ನೂ ಕರೀತಾರೆ, ಆಟ ಬರಲ್ಲ ಅಂತ ಹಿಂದೆ ಸರೀಬೇಡಿ. ಹುಡುಗರು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗಿಯೋದನ್ನ ನೋಡಿ ನಿಮ್ಮನೆಯವರು ಗಾಬರಿಯಾಗ್ತಾರೆ. ಅದೂ ಆಟದ ಭಾಗವೇ. ತಿಂಡಿ ತರೋ ಸರದಿ ನಮ್ಮದು ಬಂದಾಗ ಅಮ್ಮ ಕರಿದಿಟ್ಟಿದ್ದ ಕೋಡುಬಳೆ ಒಯ್ದಿದ್ದೆ. 'ಖಾರದ ಡೋನಟ್' ಅಂತ ಹೆಸರಿಟ್ಟು ಡಬ್ಬ ಖಾಲಿ ಮಾಡಿದ್ರು. ಕ್ರಿಕೆಟ್ ಹೋಯ್ತಲ್ಲ ಅನ್ನೋ ಚಿಂತೆ ಬೇಡ, ನಮ್ಮವನು ಬೇಸಿಗೆಯಲ್ಲಿ ಎರಡೂ ಆಡ್ತಾನೆ. ಫುಲ್‌ಟಾಸ್ ಬಂದರೆ ಮಾತ್ರ ಬೇಸ್‌ಬಾಲ್ ಬ್ಯಾಟ್ ಬೀಸಿದ ಹಾಗೇ ಬೀಸ್ತಾನೆ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ಮೇಲಿನ ಸಾಲಲ್ಲಿ ಒಟ್ಟಿಗೆ ಹತ್ತು ಹನ್ನೆರಡು ಟಿಕೆಟ್ ತಗೊಳ್ಳೋಣ ಅಂತಿದ್ದೀನಿ. ಬರೋರು ಕೆಳಗೆ ಹೆಸರು ಹಾಕಿ, ಮಕ್ಕಳೆಷ್ಟು ಅಂತಲೂ ಬರೀರಿ. ಅಲ್ಲಿ ಹೊರಗಿನ ತಿಂಡಿ ಬಿಡ್ತಾರೆ. ಪುಳಿಯೋಗರೆ ನಾನು ತರ್ತೀನಿ. ಸ್ವೆಟರ್ ನೀವು ತನ್ನಿ.